ಹೊಗೆಯ ಹಿಂದೆ ನಿಂತ ಎಲೆ

ಪ್ರಶ್ನೆ: ನಾವು ಡೊಂಬಿವಲಿಯಲ್ಲಿ ಇದ್ದೇವೆ. ನನ್ನ ಮಾವ ಕಾರವಾರದ ಕಡೆಯವರು, ಹಡಗಿನಲ್ಲಿ ಎಂಜಿನಿಯರ್ ಆಗಿದ್ದರು. ರಾತ್ರಿ ಊಟವಾದ ಮೇಲೆ ಬಾಲ್ಕನಿಯಲ್ಲಿ ಕೂತು ಪೈಪ್ ಸೇದುತ್ತಿದ್ದರು. ಅವರು ತೀರಿಕೊಂಡು 2 ವರ್ಷವಾಯಿತು. ಈಚೆಗೆ ಅವರ ಕಪಾಟು ಖಾಲಿ ಮಾಡುವಾಗ ಎರಡು ಪೈಪ್, ಅರ್ಧ ಮುಗಿದ ಒಂದು ತಂಬಾಕಿನ ಡಬ್ಬಿ, ಸೀಲ್ ಒಡೆಯದ ಇನ್ನೊಂದು ಡಬ್ಬಿ ಸಿಕ್ಕವು. ಡಬ್ಬಿಯ ಮೇಲೆ ‘ಓರಿಯೆಂಟಲ್ ಮಿಕ್ಸ್ಚರ್’ ಎಂದಿದೆ. ಮುಚ್ಚಳ ತೆಗೆದರೆ ಊರಿನ ಬಚ್ಚಲೊಲೆಯ ವಾಸನೆ. ‘ಅಪ್ಪನ ವಾಸನೆ’ ಅಂತ ನನ್ನ ಹೆಂಡತಿ ಅತ್ತುಬಿಟ್ಟಳು. ಓರಿಯೆಂಟಲ್ ಅಂದರೆ ಈ ಹೊಗೆ ವಾಸನೆಯೇನಾ? ಇದರಲ್ಲಿ ಜನರಿಗೆ ಅಷ್ಟು ಹಿಡಿಸುವುದು ಏನು? ಸೀಲ್ ಇರುವ ಡಬ್ಬಿಯನ್ನು ಏನು ಮಾಡಲಿ? ನಾನು ಸಿಗರೇಟು ಕೂಡ ಮುಟ್ಟಿದವನಲ್ಲ. ಆದರೂ ಒಮ್ಮೆ ಸೇದಿ ನೋಡಲೇ ಅನಿಸುತ್ತಿದೆ.

ಉತ್ತರ: ನಿಮ್ಮ ಪತ್ರ ಓದಿ ಮುಗಿಸಿದ ಕೂಡಲೇ ಎದ್ದು ಹೋಗಿ ನನ್ನ ಕಪಾಟಿನ ಒಂದು ಗಾಜಿನ ಬಾಟಲಿ ತೆರೆದೆ. ಅದರಲ್ಲಿ ಗ್ರೀಸ್‌ನ ಓರಿಯೆಂಟಲ್ ಎಲೆ ಒಂದು ಹಿಡಿ ಇದೆ. ಬೇರೆ ಏನನ್ನೂ ಬೆರೆಸದ ಎಲೆ. ನಾನು ಪೈಪ್ ಬಿಟ್ಟು 9 ವರ್ಷವಾಯಿತು. ಆದರೆ ಆ ಬಾಟಲಿ ಎಸೆಯಲು ಮನಸ್ಸಾಗಿಲ್ಲ. ತಂಬಾಕಿನ ಎಲೆಯನ್ನು ಮುಟ್ಟಿ, ಮೂಸಿ, ದರ್ಜೆ ಹಾಕುವುದೇ 31 ವರ್ಷ ನನ್ನ ಹೊಟ್ಟೆಪಾಡು. ಮೊದಲು ನಿಪ್ಪಾಣಿ, ಆಮೇಲೆ ಹುಣಸೂರು, ಕೊನೆಗೆ ಮುಂಬೈ. ಈಗ ಮುಲುಂಡಿನಲ್ಲಿ ಇದ್ದೇನೆ.

ಬಾಟಲಿ ಮೂಸಿದ್ದು ನಿಮಗೆ ಖಾತ್ರಿಯಾಗಿ ಹೇಳಬೇಕು ಅಂತ. ಅದರಲ್ಲಿ ಬಚ್ಚಲೊಲೆಯ ವಾಸನೆ ಒಂದು ಚೂರೂ ಇಲ್ಲ. ನಿಮ್ಮ ಡಬ್ಬಿ ತೆರೆದಾಗ ಮೊದಲು ಮೂಗಿಗೆ ಬಡಿದದ್ದು ಲಟಾಕಿಯಾ ಎಂಬ, ಹೊಗೆ ಹಾಕಿದ ತಂಬಾಕು. ಓರಿಯೆಂಟಲ್ ಎಲೆ ಅದರ ಹಿಂದೆ ನಿಂತಿದೆ. ಅದಕ್ಕೆ ಕೂಗಿ ಕರೆಯುವ ಸ್ವಭಾವ ಇಲ್ಲ. ನಾವೇ ಕಾಯಬೇಕು. ವರ್ಷಗಟ್ಟಲೆ ಪೈಪ್ ಸೇದಿದ ಎಷ್ಟೋ ಜನರೂ ಈ ಎರಡನ್ನು ಒಂದೇ ಅಂದುಕೊಂಡಿರುವುದನ್ನು ನೋಡಿದ್ದೇನೆ. ಹಾಗಾಗಿ ನಿಮ್ಮ ಮೊದಲ ಪ್ರಶ್ನೆ ಬಹಳ ಒಳ್ಳೆಯದು.

ಲಟಾಕಿಯಾ ಸಿರಿಯಾದ ಒಂದು ಬಂದರಿನ ಹೆಸರು. ಅಲ್ಲಿಂದ ಹಡಗು ಹತ್ತುತ್ತಿದ್ದ ತಂಬಾಕಿಗೆ ಊರಿನ ಹೆಸರೇ ಅಂಟಿತು. ಈಗ ಡಬ್ಬಿಗಳಲ್ಲಿ ಬರುವುದು ಹೆಚ್ಚಾಗಿ ಸೈಪ್ರಸ್ ಲಟಾಕಿಯಾ. ಹುಟ್ಟಿನಲ್ಲಿ ಅದೂ ಓರಿಯೆಂಟಲ್ ಎಲೆಯೇ. ಮೊದಲು ಬಿಸಿಲಲ್ಲಿ ಒಣಗಿಸುತ್ತಾರೆ. ಆಮೇಲೆ ಮುಚ್ಚಿದ ಕೋಣೆಯಲ್ಲಿ ತೂಗುಹಾಕಿ, ಕೆಳಗೆ ಪೈನ್, ಮರ್ಟಲ್, ಮಸ್ತಕಿ ಇಂಥ ಘಮದ ಕಟ್ಟಿಗೆಗೆ ಬೆಂಕಿ ಇಡುತ್ತಾರೆ. ಉರಿ ಏಳಲು ಬಿಡುವುದಿಲ್ಲ. ಹೊಗೆ ಮಾತ್ರ. ವಾರಗಟ್ಟಲೆ ಹೊಗೆ ಕುಡಿದು ಕುಡಿದು ಎಲೆ ಕಪ್ಪಾಗುತ್ತದೆ. ನಿಮ್ಮ ಮಾವನವರ ಊರ ಕಡೆ ಉಪ್ಪಾಗೆ ಸಿಪ್ಪೆಯನ್ನು ಒಲೆಯ ಹೊಗೆಯಲ್ಲಿ ಒಣಗಿಸುತ್ತಾರಲ್ಲ, ಹೆಚ್ಚುಕಡಿಮೆ ಹಾಗೇ. ಹುಳಿ ಒಳಗೇ ಇರುತ್ತದೆ, ಮೇಲೆ ಹೊಗೆ ಕೂತಿರುತ್ತದೆ. ಕಾರವಾರದ ಮನುಷ್ಯ ಎಲ್ಲೋ ಪರದೇಶದ ಬಂದರಿನಲ್ಲಿ ಆ ಡಬ್ಬಿಯನ್ನು ಮೊದಲ ಸಲ ತೆರೆದಾಗ, ಅವರಿಗೂ ಮನೆಯ ಅಟ್ಟ ನೆನಪಾಗಿರಬೇಕು ಅಂತ ನನಗನಿಸುತ್ತದೆ.

ಈಗ ಒಂದು ಕೆಲಸ ಮಾಡಿ. ಅರ್ಧ ಮುಗಿದ ಡಬ್ಬಿಯಿಂದ ಒಂದು ಚಿಟಿಕೆ ತೆಗೆದು ಬಿಳಿ ಕಾಗದದ ಮೇಲೆ ಹರಡಿ. ಫ್ಯಾನ್ ನಿಲ್ಲಿಸಿ. ಕಿಟಕಿಯ ಬೆಳಕಿನಲ್ಲಿ ನೋಡಿ. ಕಾಡಿಗೆ ಕಪ್ಪಿನ ಎಳೆಗಳು ಲಟಾಕಿಯಾ. ಹಳದಿ, ಕಿತ್ತಳೆ, ಕೆಂಗಂದು ಬಣ್ಣದವು ವರ್ಜೀನಿಯಾ ಎಂಬ ಸಿಹಿ ಬಗೆಯ ತಂಬಾಕು. ಇವುಗಳ ನಡುವೆ ಒಣಗಿದ ಕರಿಬೇವಿನ ಬಣ್ಣದ, ಸ್ವಲ್ಪ ಹಸಿರು ಸ್ವಲ್ಪ ಹಳದಿ ಅನ್ನಬಹುದಾದ ಸಣ್ಣ ಚೂರುಗಳು ಇರುತ್ತವೆ. ಅವೇ ಓರಿಯೆಂಟಲ್. ಅವನ್ನಷ್ಟೇ ಸೂಜಿ ತುದಿಯಿಂದ ಬೇರೆ ಮಾಡಿ ಇನ್ನೊಂದು ಕಾಗದದ ಮೇಲಿಡಿ. ಡಬ್ಬಿಯೊಳಗೆ ಇಷ್ಟು ವರ್ಷ ಒಟ್ಟಿಗಿದ್ದು ಲಟಾಕಿಯಾದ ಹೊಗೆ ಅವಕ್ಕೂ ಅಂಟಿರುತ್ತದೆ. ಅರ್ಧ ಗಂಟೆ ಬಿಟ್ಟರೆ ಅದು ಸ್ವಲ್ಪ ಹಾರಿಹೋಗುತ್ತದೆ. ಆಮೇಲೆ ಬೆರಳುಗಳ ನಡುವೆ ಮೆಲ್ಲಗೆ ತಿಕ್ಕಿ ಮೂಸಿ.

ಮೊದಲು ಒಣ ಹುಲ್ಲು ಅನಿಸುತ್ತದೆ. ಹಿಂದೆಯೇ ಸ್ವಲ್ಪ ಹುಳಿ ಬರುತ್ತದೆ, ಮೊಸರಿನ ಗಡಿಗೆಯ ಬಾಯಿಗೆ ಮೂಗು ಹಿಡಿದ ಹಾಗೆ. ಆಮೇಲೆ ಮಸಾಲೆ ಡಬ್ಬಿ. ಅದೂ ತುಂಬಿದ ಡಬ್ಬಿಯದ್ದಲ್ಲ, ಚಕ್ಕೆ ಲವಂಗ ಖಾಲಿಯಾದ ಮೇಲೂ ಡಬ್ಬಿಯಲ್ಲಿ ಉಳಿಯುತ್ತದಲ್ಲ, ಆ ವಾಸನೆ. ಹಳೆಯ ತೊಗಲಿನ ಚೀಲವೂ ನೆನಪಾಗಬಹುದು. ಎಲ್ಲಕ್ಕಿಂತ ಕೊನೆಗೆ, ಬೆಳಿಗ್ಗೆ ದೇವರ ಕೋಣೆಯಲ್ಲಿ ಹಾಕಿದ ಸಾಂಬ್ರಾಣಿ ಮಧ್ಯಾಹ್ನದ ಹೊತ್ತಿಗೆ ಉಳಿಯುವಷ್ಟು ತೆಳ್ಳಗೆ ಒಂದು ಕಂಪು. ಹುಳಿ, ಒಗರು, ಧೂಪ ಮೂರನ್ನೂ ಒಂದೇ ಎಲೆ ಕೊಡುವುದನ್ನು ನಾನು ಬೇರೆ ಯಾವ ತಂಬಾಕಿನಲ್ಲೂ ಕಂಡಿಲ್ಲ.

ಇದು ಎಲ್ಲಿಂದ ಬಂತು? ಈ ಪ್ರಶ್ನೆ ನನ್ನನ್ನು ಕೆಲಸಕ್ಕೆ ಸೇರಿದ ಹೊಸದರಿಂದಲೂ ಕಾಡಿದೆ. ನಿಪ್ಪಾಣಿಯ ಹೊಗೆಸೊಪ್ಪೂ ಬಿಸಿಲಲ್ಲೇ ಹದವಾಗುತ್ತದೆ. ಗ್ರೀಸ್, ಟರ್ಕಿಯದ್ದೂ ಬಿಸಿಲಲ್ಲೇ. ಗಿಡದ ಜಾತಿಯೂ ಒಂದೇ, ನಿಕೋಟಿಯಾನಾ ಟಬಾಕಮ್. ಹಾಗಿದ್ದರೆ ನಮ್ಮದಕ್ಕೆ ಖಾರ, ಅವರದಕ್ಕೆ ಘಮ ಯಾಕೆ?

ನಿಪ್ಪಾಣಿ, ಚಿಕ್ಕೋಡಿ ಕಡೆಯದು ಕಪ್ಪು ಮಣ್ಣು. ನೀರನ್ನು ಹಿಡಿದಿಡುವ ಮಣ್ಣು. ಗಿಡಕ್ಕೂ ಗಿಡಕ್ಕೂ ನಡುವೆ ಒಬ್ಬರು ಆರಾಮಾಗಿ ಓಡಾಡುವಷ್ಟು ಜಾಗ. ಗಿಡ ಹೂವಿಗೆ ಬರುವ ಹೊತ್ತಿಗೆ ಕುಡಿ ಚಿವುಟುತ್ತಾರೆ. ಕಂಕುಳಲ್ಲಿ ಬರುವ ಚಿಗುರನ್ನೂ ಮುರಿಯುತ್ತಾರೆ. ಹೂವಿಗೆ, ಬೀಜಕ್ಕೆ ಹೋಗಬೇಕಿದ್ದ ಶಕ್ತಿಯೆಲ್ಲ ಎಲೆಗೆ ಬರುತ್ತದೆ. ನಿಕೋಟಿನ್ ತಯಾರಾಗುವುದು ಬೇರಿನಲ್ಲಿ. ಕುಡಿ ಚಿವುಟಿದ ಗಿಡದಲ್ಲಿ ಅದು ಇನ್ನೂ ಜಾಸ್ತಿ ತಯಾರಾಗಿ ಎಲೆಗೆ ಏರುತ್ತದೆ. ಎಲೆ ದಪ್ಪ, ಖಾರ. ಬೀಡಿಗೆ ಅದೇ ಬೇಕು. ಒಂದು ಬೀಡಿಯಲ್ಲಿ ಹಿಡಿಯುವ ತಂಬಾಕು ಒಂದು ಚಿಟಿಕೆ. ಅಷ್ಟರಲ್ಲೇ ಎದೆಗೆ ಗುದ್ದಬೇಕು.

ಓರಿಯೆಂಟಲ್ ಬೆಳೆಯುವ ನೆಲ ಇದಕ್ಕೆ ಪೂರ್ತಿ ವಿರುದ್ಧ. ಉತ್ತರ ಗ್ರೀಸ್, ಬಲ್ಗೇರಿಯಾದ ದಕ್ಷಿಣ, ಉತ್ತರ ಮೆಸಿಡೋನಿಯಾ, ಟರ್ಕಿಯ ಏಜಿಯನ್ ಮತ್ತು ಕಪ್ಪು ಸಮುದ್ರದ ದಂಡೆ. ಕಲ್ಲು ಗುಡ್ಡದ ಇಳಿಜಾರು. ಬೇರೆ ಬೆಳೆ ಹಾಕಿದರೆ ಕೈಗೆ ಏನೂ ಹತ್ತದ ಮಣ್ಣು. ಬೇಸಿಗೆಯಲ್ಲಿ ಮಳೆ ಅಪರೂಪ. ಗೊಬ್ಬರ ಕಡಿಮೆ, ನೀರು ಕಡಿಮೆ. ಸಸಿಗಳನ್ನು ಮಾತ್ರ ಒತ್ತೊತ್ತಾಗಿ ನೆಡುತ್ತಾರೆ. ನಮ್ಮ ಹುಣಸೂರಿನ ವರ್ಜೀನಿಯಾ ಹೊಲದಲ್ಲಿ ಹೆಕ್ಟೇರಿಗೆ ಸುಮಾರು 18 ಸಾವಿರ ಗಿಡ ಇದ್ದರೆ, ಅಲ್ಲಿ 1 ಲಕ್ಷಕ್ಕೂ ಜಾಸ್ತಿ. ಕುಡಿಯನ್ನು ಸಾಮಾನ್ಯವಾಗಿ ಚಿವುಟುವುದಿಲ್ಲ, ಹೂವಿಗೆ ಬಿಡುತ್ತಾರೆ. ಗಿಡ ಅರ್ಧ ಹೊಟ್ಟೆಯಲ್ಲೇ ಬೆಳೆಯುತ್ತದೆ. ಎಲೆ ಅಂಗೈ ಅಗಲಕ್ಕೆ ಬಂದರೆ ಹೆಚ್ಚು. ನಿಕೋಟಿನ್ ಶೇಕಡಾ 1ರ ಆಸುಪಾಸು.

ಅದೇ ಬೀಜವನ್ನು ಒಳ್ಳೆಯ ಕಪ್ಪು ಮಣ್ಣಿಗೆ ಹಾಕಿ, ನೀರು ಕೊಟ್ಟು, ಯೂರಿಯಾ ಕೊಟ್ಟು ಸಾಕಿದರೆ ಎಲೆ ದೊಡ್ಡದಾಗುತ್ತದೆ. ಘಮ ಹೋಗುತ್ತದೆ. ಬೆಳೆಗಾರ ಗಿಡಕ್ಕೆ ಅಷ್ಟು ಕಷ್ಟ ಕೊಡುವುದು ಇದಕ್ಕೇ.

ಕಷ್ಟಕ್ಕೂ ಘಮಕ್ಕೂ ನಡುವಿನ ಕೊಂಡಿ ಎಲೆಯ ಮೇಲಿನ ಸಣ್ಣ ರೋಮ. ತಂಬಾಕಿನ ಎಲೆ ಮುಟ್ಟಿದವರಿಗೆ ಗೊತ್ತು, ಕೈಗೆ ಮೇಣದ ಹಾಗೆ ಅಂಟುತ್ತದೆ. ಒಂದೊಂದು ರೋಮದ ತುದಿಯಲ್ಲೂ ಒಂದು ಅಂಟು ಹನಿ ಇರುತ್ತದೆ. ಹುಳ ಬಾರದಿರಲಿ, ಬಿಸಿಲಿಗೆ ಎಲೆ ಒಣಗದಿರಲಿ ಅಂತ ಗಿಡ ಮಾಡಿಕೊಂಡ ಏರ್ಪಾಡು. ಎಲೆ ಹರಡಿ ದೊಡ್ಡದಾದರೆ ರೋಮಗಳು ದೂರದೂರ. ಎಲೆ ಚಿಕ್ಕದಾಗೇ ಉಳಿದರೆ ಒತ್ತೊತ್ತು. ಓರಿಯೆಂಟಲ್ ಎಲೆಯ ಸಂಪತ್ತೆಲ್ಲ ಆ ಅಂಟಿನಲ್ಲಿದೆ.

ಆ ಅಂಟಿನಲ್ಲಿ ಸಕ್ಕರೆಗೆ ಹುಳಿ ಕಟ್ಟಿಕೊಂಡ ಒಂದು ವಸ್ತು ಇದೆ, ಸುಕ್ರೋಸ್ ಎಸ್ಟರ್ ಎನ್ನುತ್ತಾರೆ. ಎಲೆ ಹದವಾಗುವಾಗ, ಉರಿಯುವಾಗ ಈ ಕಟ್ಟು ಬಿಚ್ಚಿಕೊಂಡು ಹುಳಿ ಬೇರೆಯಾಗುತ್ತದೆ. ಮೊಸರು, ಹಳೆಯ ಚೀಸ್ ನೆನಪಿಸುವ ವಾಸನೆ ಅಲ್ಲಿಂದ ಬರುತ್ತದೆ. ಅದರ ಜೊತೆಗೆ ಲ್ಯಾಬ್ಡನಾಯ್ಡ್ ಎಂಬ ರಾಳದಂಥ ಅಂಶಗಳು. ಇವು ಒಡೆದಾಗ ಸಿಗುವುದು ಅಂಬರಿನ ಬಳಗದ ಕಂಪು. ಸಾಂಬ್ರಾಣಿ, ಧೂಪ ಎಂದು ನಾವು ಗುರುತಿಸುವುದು ಇದನ್ನೇ. ಒಮ್ಮೆ ಮೊಹಮ್ಮದ್ ಅಲಿ ರಸ್ತೆಯ ಅತ್ತರ್ ಅಂಗಡಿಗೆ ಹೋಗಿ ಅಂಬರ್ ಅತ್ತರನ್ನು ಕೈ ಮೇಲೆ ಹಚ್ಚಿಸಿಕೊಳ್ಳಿ. ಲೋಕಲ್ ಹತ್ತಿ ಮನೆಗೆ ಬಂದು, ಆರಿದ ಮೇಲೆ ಮೂಸಿ. ಆಮೇಲೆ ಆ ಹಸಿರು ಚೂರುಗಳ ಹತ್ತಿರ ಮೂಗು ತನ್ನಿ. ನೆಂಟಸ್ತಿಕೆ ಗೊತ್ತಾಗುತ್ತದೆ. ಇನ್ನೊಂದು ಇದೆ. ಎಲೆ ಹಸಿರು ಬಿಟ್ಟು ಹಳದಿಯಾಗುವಾಗ ಅದರೊಳಗಿನ ಕ್ಯಾರೊಟಿನ್ ಬಣ್ಣಗಳು ಒಡೆಯುತ್ತವೆ. ಅದರಿಂದ ಹುಟ್ಟುವ ಡಮಾಸ್ಕೆನೋನ್ ಎಂಬ ಅಂಶ ಗುಲಾಬಿ ಎಣ್ಣೆಯಲ್ಲೂ ಇದೆ. ಇದು ಎಲ್ಲ ತಂಬಾಕಿಗೂ ಸಲ್ಲುವ ಮಾತು. ಆದರೆ ಓರಿಯೆಂಟಲ್‌ನಲ್ಲಿ ಖಾರದ ಗಲಾಟೆ ಕಡಿಮೆ, ಹಾಗಾಗಿ ಆ ಹೂವಿನ ಎಳೆ ಕೇಳಿಸುತ್ತದೆ.

ಕೊಯ್ಲಿನ ಶ್ರಮವನ್ನೂ ಹೇಳಬೇಕು. ಗಿಡದ ಬುಡದಿಂದ ಶುರುಮಾಡಿ, ಮಾಗಿದ ಎಲೆಗಳನ್ನು ಮಾತ್ರ, ಹಲವು ಸುತ್ತಿನಲ್ಲಿ ಒಂದೊಂದಾಗಿ ಕೈಯಲ್ಲೇ ಬಿಡಿಸುತ್ತಾರೆ. ಹೆಚ್ಚಾಗಿ ಸೂರ್ಯ ಏಳುವ ಮೊದಲು, ಇಬ್ಬನಿಗೆ ಎಲೆ ಮೆತ್ತಗಿರುವಾಗ. ಆಮೇಲೆ ನೆರಳಲ್ಲಿ ಕೂತು ಉದ್ದ ಸೂಜಿಯಿಂದ ದಾರಕ್ಕೆ ಪೋಣಿಸುವುದು, ನಮ್ಮಲ್ಲಿ ಹೂ ಕಟ್ಟುವ ಹಾಗೆ. ಆ ಮಾಲೆಗಳನ್ನು ಬಿಸಿಲಿಗೆ ತೂಗುಹಾಕಿ ಎರಡು ಮೂರು ವಾರ ಒಣಗಿಸುತ್ತಾರೆ. ಒಂದು ಕಿಲೋ ಒಣ ಎಲೆಗೆ ಎಷ್ಟು ಸಾವಿರ ಪುಟ್ಟ ಎಲೆ ಪೋಣಿಸಬೇಕು, ಯೋಚಿಸಿ. ಮನೆಮಂದಿಯೆಲ್ಲ ಕೂತರೆ ಮಾತ್ರ ಆಗುವ ಕೆಲಸ. ಒಣಗಿದ ಮೇಲೆ ಬೇಲ್ ಕಟ್ಟಿ ಒತ್ತಿ ಇಡುತ್ತಾರೆ, ಒಳಗೇ ನಿಧಾನಕ್ಕೆ ಹುದುಗು ಬರುತ್ತದೆ. ಹಸಿ ಘಾಟು ಹೋಗಿ ಕಂಪು ಏಳುವುದು ಆಗ.

ಹುಣಸೂರು, ಪಿರಿಯಾಪಟ್ಟಣದ ವರ್ಜೀನಿಯಾ ಬೇರೆಯೇ ದಾರಿ. ಬ್ಯಾರನ್ ಎಂಬ ಒಣಗಿಸುವ ಮನೆಯೊಳಗೆ, ಹೊಗೆ ತಾಗದ ಹಾಗೆ ಕೊಳವೆಗಳ ಬಿಸಿಯಲ್ಲಿ ಕೆಲವೇ ದಿನಗಳಲ್ಲಿ ಹದವಾಗುತ್ತದೆ. ಹಳದಿಯಾಗುತ್ತದೆ, ಸಕ್ಕರೆ ಎಲೆಯಲ್ಲೇ ಉಳಿಯುತ್ತದೆ. ನಿಮ್ಮ ಡಬ್ಬಿಯ ಸಿಹಿ ಆ ಜಾತಿಯ ಎಲೆಯಿಂದ.

ಈಗ ಮಿಶ್ರಣದ ವಿಷಯ. ಮನೆಯ ಸಾರನ್ನು ನೆನಪಿಸಿಕೊಳ್ಳಿ. ವರ್ಜೀನಿಯಾ ಬೇಳೆಕಟ್ಟು. ಮೈ ಕೊಡುವುದು ಅದು, ಹಿತವಾದ ಸಿಹಿಯೂ ಅದರದೇ. ಲಟಾಕಿಯಾ ಇಂಗಿನ ಒಗ್ಗರಣೆ. ಹಾಕಿದ ಕೂಡಲೇ ಪಕ್ಕದ ಫ್ಲ್ಯಾಟಿಗೂ ಗೊತ್ತಾಗುತ್ತದೆ. ಓರಿಯೆಂಟಲ್ ಸಾರಿನ ಪುಡಿ. ಬೆರಳಿಟ್ಟು ಇದೇ ಅಂತ ತೋರಿಸಲು ಬರುವುದಿಲ್ಲ, ಆದರೆ ಅದಿಲ್ಲದೆ ಸಾರು ಆಗುವುದಿಲ್ಲ. ಇಂಗು ಜಾಸ್ತಿಯಾದ ಸಾರು ಮೊದಲ ತುತ್ತಿಗೆ ಜೋರು, ನಾಲ್ಕನೇ ತುತ್ತಿಗೆ ಸಾಕಾಗುತ್ತದೆ. ಲಟಾಕಿಯಾವನ್ನೇ ತುಂಬಿದ ಮಿಶ್ರಣವೂ ಹಾಗೆ. ಒಳ್ಳೆಯ ಮಿಶ್ರಣ ಮಾಡುವವರು ಕೈ ಹಿಡಿದು ಹಾಕುತ್ತಾರೆ.

ಓರಿಯೆಂಟಲ್ ಎಲೆಯೊಂದನ್ನೇ ಪೈಪಿಗೆ ತುಂಬಬಹುದಾ? ತುಂಬಬಹುದು. ನಾನು ಎಷ್ಟೋ ಸಲ ತುಂಬಿದ್ದೇನೆ. ಆದರೆ ಒಂಟಿಯಾಗಿ ಅದು ಸ್ವಲ್ಪ ತೆಳು, ಸ್ವಲ್ಪ ಹುಳಿ, ಬೇಗ ಉರಿದು ಮುಗಿಯುತ್ತದೆ. ಸಾರಿನ ಪುಡಿಯನ್ನು ಬರೀ ನೀರಿಗೆ ಕದಡಿದಂತೆ. ವರ್ಜೀನಿಯಾ ಜೊತೆ ಸೇರಿದಾಗಲೇ ಅದರ ಗುಣ ಮೇಲೇಳುವುದು. ವರ್ಜೀನಿಯಾ, ಓರಿಯೆಂಟಲ್, ಲಟಾಕಿಯಾ ಮೂರೂ ಸೇರಿದರೆ ‘ಇಂಗ್ಲಿಷ್’ ಮಿಶ್ರಣ ಅನ್ನುತ್ತಾರೆ. ವರ್ಜೀನಿಯಾ ಹಿಂದೆ ಸರಿದು ಉಳಿದೆರಡು ಮುಂದೆ ಬಂದರೆ ‘ಬಾಲ್ಕನ್’. ಓರಿಯೆಂಟಲ್ ಎಲೆಯೇ ಮುಂದಾಳಾದರೆ ‘ಓರಿಯೆಂಟಲ್’. ಈ ಗೆರೆಗಳನ್ನು ಯಾರೂ ಕಲ್ಲಿನಲ್ಲಿ ಕೊರೆದಿಲ್ಲ. ಒಬ್ಬರ ಬಾಲ್ಕನ್ ಇನ್ನೊಬ್ಬರಿಗೆ ಇಂಗ್ಲಿಷ್. ಬಾಲ್ಕನ್ ಎಂಬ ಹೆಸರು ಇಷ್ಟು ಹರಡಲು ಲಂಡನ್ನಿನ ಬಾಲ್ಕನ್ ಸೋಬ್ರಾನಿ ಡಬ್ಬಿಯೇ ಮುಖ್ಯ ಕಾರಣ. ಸೋಬ್ರಾನಿ ಕಂಪನಿ ಅಲ್ಲಿ ತಂಬಾಕು ವ್ಯಾಪಾರ ಶುರುಮಾಡಿದ್ದು 1879ರಲ್ಲಿ.

ಬ್ರಿಟನ್ನಿನಲ್ಲಿ ಈ ಬಗೆ ಬೆಳೆಯಲು ಇನ್ನೊಂದು ಕಾರಣ ಇತ್ತು. ತಂಬಾಕಿಗೆ ಸೆಂಟು, ಸಿಹಿ ಬೆರೆಸುವುದಕ್ಕೆ ಅಲ್ಲಿ ಬಹಳ ಕಾಲ ಕಾನೂನಿನ ಕಟ್ಟು ಇತ್ತು. ರುಚಿ ಬೇಕಾದರೆ ಎಲೆಯಿಂದಲೇ ತರಬೇಕು. ಮುಂಬೈನಲ್ಲಿ ಪೈಪ್ ಅಂದರೆ ತುಂಬ ಜನರಿಗೆ ನೆನಪಾಗುವುದು ವೆನಿಲಾ, ಚೆರಿ ವಾಸನೆ. ಅದು ಮೇಲಿಂದ ಹಾಕಿದ ಸೆಂಟು. ಮೊದಲ ಐದು ನಿಮಿಷಕ್ಕೇ ಎಲ್ಲ ಹೇಳಿ ಮುಗಿಸುತ್ತದೆ. ಓರಿಯೆಂಟಲ್ ಮಿಶ್ರಣ ಶುರುವಾದ ಹಾಗೆ ಮುಗಿಯುವುದಿಲ್ಲ. ಮೇಲ್ಭಾಗದಲ್ಲಿ ಲಟಾಕಿಯಾದ ಹೊಗೆ. ಪೈಪ್ ಅರ್ಧಕ್ಕೆ ಬರುವ ಹೊತ್ತಿಗೆ ಹೊಗೆ ಹಿಂದಕ್ಕೆ ಸರಿಯುತ್ತದೆ. ನಾಲಿಗೆಯ ಎರಡೂ ಪಕ್ಕದಲ್ಲಿ ನೀರೂರಿಸುವ ಹುಳಿ ಮುಂದೆ ಬರುತ್ತದೆ. ಒಂದು ಸಲ ಬೆಲ್ಲ, ಮುಂದಿನ ಸಲ ಧೂಪ. ತಳದಲ್ಲಿ ಒಣ ಕಟ್ಟಿಗೆ, ಹುರಿದ ಕಾಳು. ಸಿಹಿ ಕಡಿಮೆ ಇರುವುದರಿಂದ ಬಾಯಿ ಕಟ್ಟುವುದಿಲ್ಲ. ಈ ಬದಲಾವಣೆ ಮೂಗಿಗೂ ನಾಲಿಗೆಗೂ ಕೆಲಸ ಕೊಡುತ್ತದೆ. ಊಟದ ನಂತರ ಬಾಲ್ಕನಿಯಲ್ಲಿ ಒಬ್ಬರೇ ಕೂರುವ ಮನುಷ್ಯನಿಗೆ ಅದು ಒಳ್ಳೆಯ ಜೊತೆ ಆಗಿತ್ತು. ನಿಮ್ಮ ಮಾವನವರ ವಿಷಯವನ್ನೇ ಹೇಳುತ್ತಿದ್ದೇನೆ. ದಿನಕ್ಕೆ ಒಂದೇ ಹೊತ್ತು ಇಟ್ಟುಕೊಂಡವರು ಇಂಥ ಮಿಶ್ರಣವನ್ನೇ ಆರಿಸುವುದನ್ನು ನಾನು ತುಂಬ ನೋಡಿದ್ದೇನೆ.

ಡಬ್ಬಿಯ ಹಿಂಬದಿಯಲ್ಲಿ ಊರುಗಳ ಹೆಸರು ಇದೆಯಾ ನೋಡಿ. ಕ್ಸಾಂಥಿ, ಯೆನಿಜೆ, ಬಾಸ್ಮಾ, ಸಂಸೂನ್, ಸ್ಮಿರ್ನಾ ಇಂಥವು. ಕ್ಸಾಂಥಿ ಗ್ರೀಸ್‌ನ ಥ್ರೇಸ್ ಸೀಮೆಯ ಊರು. ಯೆನಿಜೆ ಅದರ ಪಕ್ಕದ ಹಳ್ಳಿ, ಈಗಿನ ಹೆಸರು ಗೆನಿಸಿಯಾ. ಆ ಪುಟ್ಟ ಹಳ್ಳಿಯ ಎಲೆಗೆ ಎಷ್ಟು ಹೆಸರಿತ್ತೆಂದರೆ, ಜರ್ಮನಿಯ ಡ್ರೆಸ್ಡೆನ್‌ನಲ್ಲಿ 1909ರಲ್ಲಿ ಮುಗಿದ ಒಂದು ಸಿಗರೇಟು ಕಾರ್ಖಾನೆಗೆ ಯೆನಿಜೆ ಎಂದೇ ಹೆಸರಿಟ್ಟರು. ಮಸೀದಿಯಂತೆ ಗುಮ್ಮಟ ಇರುವ ಆ ಕಟ್ಟಡ ಇಂದಿಗೂ ನಿಂತಿದೆ. ಬಾಸ್ಮಾ ಊರಲ್ಲ, ಎಲೆಯ ಬಗೆ. ಟರ್ಕಿ ಭಾಷೆಯಲ್ಲಿ ಒತ್ತಿದ್ದು ಎಂಬ ಅರ್ಥ. ಸ್ಮಿರ್ನಾ ಅಂದರೆ ಟರ್ಕಿಯ ಇಂದಿನ ಇಜ್ಮಿರ್, ಅಲ್ಲಿನ ಎಲೆ ಮೆದು ಮತ್ತು ಸಿಹಿ. ನನಗೆ ಬಾಸ್ಮಾ ಎಲ್ಲಕ್ಕಿಂತ ಇಷ್ಟ. ಬಾಟಲಿಯಲ್ಲಿ ಇಟ್ಟುಕೊಂಡಿರುವುದೂ ಅದೇ.

ಈ ಹೆಸರುಗಳ ಹಿಂದೆ ಜನರ ನೋವೂ ಇದೆ. 1923ರಲ್ಲಿ ಗ್ರೀಸ್ ಮತ್ತು ಟರ್ಕಿ 10 ಲಕ್ಷಕ್ಕೂ ಹೆಚ್ಚು ಜನರನ್ನು ಅದಲುಬದಲು ಮಾಡಿಕೊಂಡವು. ಉತ್ತರ ಗ್ರೀಸ್‌ನ ಕವಾಲಾ, ಡ್ರಾಮಾ ಕಡೆಯ ಮುಸ್ಲಿಂ ಬೆಳೆಗಾರರು ಗುಡ್ಡದ ಹೊಲ ಬಿಟ್ಟು ಟರ್ಕಿಗೆ ಹೋದರು. ಟರ್ಕಿಯಿಂದ ಬಂದ ಗ್ರೀಕ್ ನಿರಾಶ್ರಿತರು ಅದೇ ಸೀಮೆಯಲ್ಲಿ ತಂಬಾಕು ಹಿಡಿದು ಬದುಕು ಕಟ್ಟಿದರು. ಕ್ಸಾಂಥಿಯ ಕಡೆಯ ಮುಸ್ಲಿಮರಿಗೆ ಆ ಒಪ್ಪಂದದಲ್ಲಿ ವಿನಾಯಿತಿ ಸಿಕ್ಕಿತು. ಅಲ್ಲಿನ ಗುಡ್ಡಗಳ ಪೊಮಾಕ್ ಎಂಬ ಮುಸ್ಲಿಂ ಸಮುದಾಯದ ಕುಟುಂಬಗಳು ಈಗಲೂ ಬಾಸ್ಮಾ ಬೆಳೆಯುತ್ತವೆ.

ಓರಿಯೆಂಟಲ್ ಅಂದರೆ ಪೂರ್ವದ್ದು. ಲಂಡನ್ನಿನಲ್ಲಿ ನಿಂತವರಿಗೆ ಅದು ಪೂರ್ವ. ಮುಂಬೈನಲ್ಲಿ ನಿಂತ ನಮಗೆ ಪಶ್ಚಿಮ. ಹುಟ್ಟಿನಲ್ಲಿ ಈ ಗಿಡ ಎರಡೂ ಕಡೆಯದಲ್ಲ, ಅಮೆರಿಕದ್ದು. ನಮ್ಮ ಕಡೆಗೆ ಪೋರ್ಚುಗೀಸರ ಹಡಗಿನಲ್ಲಿ ಗೋವಾದ ದಾರಿಯಿಂದ ಬಂತು. ಅಲ್ಲಿಂದ ಬೇಗ ಬಿಜಾಪುರ ಸೇರಿತು. ಅಕ್ಬರನ ಕಡೆಯಿಂದ ಬಿಜಾಪುರಕ್ಕೆ ಹೋಗಿದ್ದ ಅಸದ್ ಬೇಗ್ ಅಲ್ಲಿ ಮೊದಲ ಸಲ ಹೊಗೆಸೊಪ್ಪು ನೋಡಿದ. 1604-05ರ ಸುಮಾರಿಗೆ ಅದನ್ನೂ ರತ್ನ ಕೂರಿಸಿದ ಕೊಳವೆಯೊಂದನ್ನೂ ಆಗ್ರಾಕ್ಕೆ ಒಯ್ದು ಬಾದಶಹನ ಮುಂದಿಟ್ಟ. ಅಕ್ಬರ್ ಒಂದೆರಡು ಸಲ ಎಳೆದು ನೋಡಿದ. ಹಕೀಮರು ಬೇಡ ಅಂದರು. ಮೊಗಲ್ ಅರಮನೆಗೆ ಪೈಪ್ ಹೋದದ್ದು ನಮ್ಮ ಬಿಜಾಪುರದಿಂದ ಅಂತ ನೆನೆದರೆ ನನಗೆ ಇವತ್ತಿಗೂ ಮೈ ಜುಮ್ ಅನ್ನುತ್ತದೆ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಅದೇ ಗಿಡ ಟರ್ಕರ ರಾಜ್ಯದ ಗುಡ್ಡಗಳನ್ನೂ ಹತ್ತಿತು. ಒಂದು ತಲೆಮಾರಿನ ಬೀಜದಿಂದ ಇನ್ನೊಂದು ತಲೆಮಾರು, ಹೀಗೆ ನಾನೂರು ವರ್ಷದಲ್ಲಿ ಎಲೆ ಚಿಕ್ಕದಾಗಿ, ಘಮ ಕೂಡಿಸಿಕೊಂಡು ಈಗಿನ ಓರಿಯೆಂಟಲ್ ಆಯಿತು.

ಸೇದಿ ನೋಡಲೇ ಎಂದು ಕೇಳಿದಿರಿ. ಬೇಡ. ಹಕೀಮರ ಪಕ್ಷವೇ ನನ್ನದು. ಪೈಪಿನ ಹೊಗೆಯನ್ನು ಎದೆಗೆ ಎಳೆಯುವುದಿಲ್ಲ, ಹಾಗಾಗಿ ಏನೂ ಆಗುವುದಿಲ್ಲ ಅಂತ ನಾವೆಲ್ಲ ಹೇಳಿಕೊಂಡು ಬಂದೆವು. ಅದು ಸುಳ್ಳು. ತುಟಿ, ಬಾಯಿ, ಗಂಟಲಿನ ಕ್ಯಾನ್ಸರ್ ಪೈಪಿನಿಂದಲೂ ಬರುತ್ತದೆ, ಶ್ವಾಸಕೋಶದ್ದೂ ಬರುತ್ತದೆ. ನಿಕೋಟಿನ್ ಕಡಿಮೆ ಇರುವ ಎಲೆಯೂ ಚಟ ಹಿಡಿಸುತ್ತದೆ. ಸೆಂಟು ಬೆರೆಸಿಲ್ಲ, ನ್ಯಾಚುರಲ್ ಎಂಬ ಮಾತಿಗೂ ಬೆಲೆ ಇಲ್ಲ. ಲಟಾಕಿಯಾದಲ್ಲಂತೂ ಎಲೆಯ ವಿಷದ ಜೊತೆಗೆ ಕಟ್ಟಿಗೆ ಹೊಗೆಯ ವಿಷವೂ ಕೂತಿರುತ್ತದೆ. ನನ್ನ ಜೊತೆ ಅದೇ ಮೇಜಿನಲ್ಲಿ ಎಲೆ ಮೂಸುತ್ತಿದ್ದ ಗೆಳೆಯ ಬಾಯಿಯ ಕ್ಯಾನ್ಸರ್‌ನಲ್ಲಿ ಹೋದ. ಕೊನೆಯ ತಿಂಗಳುಗಳಲ್ಲಿ ಅವನಿಗೆ ಮಾತೂ ಇರಲಿಲ್ಲ, ರುಚಿಯೂ ಇರಲಿಲ್ಲ. ಅವನ ಹದಿಮೂರನೆಯ ದಿನ ಮುಗಿಸಿ ಮನೆಗೆ ಬಂದು ಪೈಪುಗಳನ್ನು ಪೆಟ್ಟಿಗೆಗೆ ಹಾಕಿದೆ. ಈ ಎಲೆಯ ಮೇಲೆ ನನಗಿರುವ ಪ್ರೀತಿ ಹೋಗಿಲ್ಲ, ಬೆಂಕಿ ಮಾತ್ರ ಬಿಟ್ಟೆ. ಈವರೆಗೆ ಮುಟ್ಟದ ನೀವು ಶುರುಮಾಡುವುದು ಬೇಡ. ಓರಿಯೆಂಟಲ್‌ನ ಸೊಗಸಿನ ದೊಡ್ಡ ಪಾಲು ಮೂಗಿಗೇ ಸಿಗುತ್ತದೆ.

ಸೀಲ್ ಇರುವ ಡಬ್ಬಿಯನ್ನು ಮೊದಲು ಹೊರಗಿನಿಂದ ಪರೀಕ್ಷೆ ಮಾಡಿ. ಅಂಚಿನಲ್ಲಿ ತುಕ್ಕು ಹಿಡಿದು ಸಣ್ಣ ತೂತು ಬಿದ್ದಿದ್ದರೆ ಒಳಗೆ ಗಾಳಿ ಹೋಗಿ ಎಲೆ ಒಣಗಿರುತ್ತದೆ. ಮುಚ್ಚಳ ಸ್ವಲ್ಪ ಉಬ್ಬಿದ್ದರೆ ಹೆದರಬೇಡಿ, ಒಳಗೆ ಹುದುಗು ನಡೆದಿರುತ್ತದೆ. ಸೀಲ್ ಗಟ್ಟಿ ಇದ್ದರೆ ಎಲೆ ಹಲವು ವರ್ಷ ಹಾಗೇ ಇರುತ್ತದೆ. ಆದರೆ ಲಟಾಕಿಯಾ ವರ್ಷ ಕಳೆದಂತೆ ಮೆತ್ತಗಾಗುತ್ತದೆ. ಅಂದರೆ ನಿಮ್ಮ ಮನೆಯವರು ಗುರುತು ಹಿಡಿದ ಆ ಜೋರು ಹೊಗೆ ಕಡಿಮೆಯಾಗಿ, ವರ್ಜೀನಿಯಾದ ಸಿಹಿಯೂ ಓರಿಯೆಂಟಲ್‌ನ ಕಂಪೂ ಮುಂದೆ ಬರುತ್ತವೆ. ಅಪ್ಪನ ವಾಸನೆಯೇ ಬೇಕು ಅನ್ನುವುದಾದರೆ ತುಂಬ ಕಾಯಿಸಬೇಡಿ. ಜನವರಿಯಲ್ಲಿ, ಗಾಳಿ ಒಣಗಿರುವ ದಿನ ನೋಡಿ ಇಬ್ಬರೂ ಕೂತು ತೆರೆಯಿರಿ. ಮೊದಲು ವಿನೆಗರ್‌ನಂಥ ಘಾಟು ಬರಬಹುದು. ಅರ್ಧ ಗಂಟೆ ಮುಚ್ಚಳ ಓರೆ ಮಾಡಿ ಇಟ್ಟರೆ ಅದು ಹೋಗುತ್ತದೆ. ನೋಡಿಯಾದ ಮೇಲೆ ರಬ್ಬರ್ ರಿಂಗಿನ ಗಾಜಿನ ಬಾಟಲಿಗೆ ತುಂಬಿ, ಬಿಸಿಲು ತಾಗದ ಕಡೆ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಇಡಿ. ಹಾಗೇ ಡಬ್ಬಿಯಲ್ಲಿ ಬಿಟ್ಟರೆ ನಮ್ಮ ಮಳೆಗಾಲ ಅದನ್ನು ಬಾಳಿಸುವುದಿಲ್ಲ. ಎಲೆಯ ಮೇಲೆ ಸಣ್ಣಗೆ ಮಿನುಗುವ ಬಿಳಿ ಹರಳು ಕಂಡರೆ ತೊಂದರೆ ಇಲ್ಲ, ಹಳೆಯ ಎಲೆಯಲ್ಲಿ ಹಾಗಾಗುತ್ತದೆ. ಜೇಡರ ಬಲೆಯಂತೆ, ಹತ್ತಿಯಂತೆ ಇದ್ದರೆ ಬೂಷ್ಟು, ಎಸೆದುಬಿಡಿ.

ಇನ್ನು ಪೈಪುಗಳು. ನೀವು ಅವನ್ನು ಕೇಳಲಿಲ್ಲ, ಆದರೆ ನನಗೆ ಹೆಚ್ಚು ಚಿಂತೆ ಅವುಗಳದ್ದೇ. ದಯವಿಟ್ಟು ಅವನ್ನು ಯಾರಿಗೂ ಪಾಲಿಶ್‌ಗೆ ಕೊಡಬೇಡಿ. ನನ್ನ ಒಂದು ಹಳೆಯ ಪೈಪನ್ನು ಒಮ್ಮೆ ಒಂದು ಅಂಗಡಿಗೆ ಕೊಟ್ಟಿದ್ದೆ. ಒಳಗೆಲ್ಲ ಕೆರೆದು, ಸ್ಪಿರಿಟ್‌ನಲ್ಲಿ ತೊಳೆದು, ಹೊಸದರಂತೆ ಮಾಡಿ ಕೊಟ್ಟರು. ಹನ್ನೆರಡು ವರ್ಷದ ವಾಸನೆ ಒಂದೇ ದಿನಕ್ಕೆ ಹೋಯಿತು. ಪೈಪ್ ಕೆತ್ತುವ ಆ ಬ್ರಯರ್ ಮರದ ಗಂಟಿನೊಳಗೆ, ಬಟ್ಟಲಿನ ಗೋಡೆಗೆ ಕಟ್ಟಿದ ಕರಿಯ ಪದರದಲ್ಲಿ, ನಿಮ್ಮ ಮಾವನವರು ಸೇದಿದ ಎಷ್ಟೋ ರಾತ್ರಿಗಳ ಲಟಾಕಿಯಾ, ಓರಿಯೆಂಟಲ್, ವರ್ಜೀನಿಯಾ ಒಟ್ಟಿಗೆ ಕೂತಿವೆ. ಅದು ಯಾವ ಡಬ್ಬಿಯಲ್ಲೂ ಸಿಗುವುದಿಲ್ಲ. ಒಣ ಹತ್ತಿ ಬಟ್ಟೆಯಿಂದ ಹೊರಗಷ್ಟೇ ಒರೆಸಿ, ನೀರು ತಾಗಿಸದೆ, ಒಂದು ಬಟ್ಟೆಯ ಚೀಲದಲ್ಲಿ ಇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ ಹೊರತೆಗೆದು ಗಾಳಿಗೆ ಇಡಿ. ಆ ಕೆಲಸವನ್ನು ನಿಮ್ಮ ಮನೆಯವರಿಗೇ ಬಿಡಿ.